ಹೊಂಡಕ್ಕಿಳಿಸಿದ ದೀಪ

ಆ ಕಾಲದ ಬೆಳುವಾಯಿಯಲ್ಲಿ ಯಾರ ಮನೆಯಲ್ಲಿ ಬಾಳೆಗೊನೆ ಹಣ್ಣಿಗೆ ಹಾಕಿದ್ದಾರೆಂದು ಕೇಳಬೇಕಾಗಿರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ಮೂಗೇ ಹೇಳುತ್ತಿತ್ತು. ಚೌತಿ ಹತ್ತಿರವಾದಾಗ ಅಜ್ಜಿ ಹಿತ್ತಿಲಿನ ಆಳುದ್ದದ ಹೊಂಡದಲ್ಲಿ ಕದಳಿ ಗೊನೆಗಳನ್ನಿಟ್ಟು, ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಹಲಗೆ ಮುಚ್ಚಿ ಮಣ್ಣು ಮೆತ್ತಿಸುತ್ತಿದ್ದರು. ತೆರೆಯುವ ದಿನ ಹಗ್ಗ ಕಟ್ಟಿದ ದೀಪವನ್ನು ತಳದವರೆಗೆ ಇಳಿಸುವುದು ಕ್ರಮ. ದೀಪ ಉರಿಯುತ್ತಿದ್ದರೆ ಮಾತ್ರ ಜನ ಇಳಿಯಬಹುದು.

"ಯಾಕಜ್ಜಿ?" ಎಂದರೆ, "ಕಾಯಿ ಹಣ್ಣಾಗುವಾಗ ಉಸಿರು ಬಿಡ್ತದೆ ಮಗಾ. ಅದರ ಉಸಿರು ತುಂಬಿದಲ್ಲಿ ನಮಗೆ ಉಸಿರಿಲ್ಲ" ಎನ್ನುತ್ತಿದ್ದರು.

ನಾನು ಐದನೆಯ ತರಗತಿಯಲ್ಲಿದ್ದಾಗ ಅಮ್ಮನ ತಮ್ಮ, ನಮ್ಮ ಮಾಮ, ದುಬೈಯಿಂದ ರಜೆಯಲ್ಲಿ ಬಂದಿದ್ದ. ಆ ವರ್ಷ ಗೊನೆ ಕಡಿಯುವುದು ತಡವಾಗಿತ್ತು. ಮಾಮ ಮೂಡುಬಿದಿರೆಯಿಂದ ಕಾಯಿ ಬೇಗ ಹಣ್ಣಾಗುವ ಬಾಟಲಿ ಮದ್ದು ತಂದು, ನೀರಿಗೆ ಬೆರೆಸಿ ಗೊನೆಗಳಿಗೆಲ್ಲ ಹಚ್ಚಿ, ಹೊಂಡದಲ್ಲಿಟ್ಟು ಮುಚ್ಚಿಸಿದ.

"ನಿಮ್ಮ ಹೊಗೆಗೆ ಕಾದರೆ ಚೌತಿ ಮುಗಿದೇ ಹೋಗ್ತದೆ ಅಮ್ಮ," ಎಂದು ಅಜ್ಜಿಯನ್ನು ತಮಾಷೆ ಮಾಡಿದ.

ಆ ಮದ್ದು ಕಾಯಿಯ ಉಸಿರನ್ನೇ ಜೋರು ಮಾಡುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಲಗೆ ಸರಿಸಿದ ಬೆಳಿಗ್ಗೆ ಕೆಳಗೆಲ್ಲ ಹಳದಿ. ಅಜ್ಜಿ ದೀಪ ಇಳಿಸಿದರು. ಅದು ಅರ್ಧಕ್ಕೇ ಆರಿತು.

"ಗಾಳಿಗೆ ಆರಿದ್ದು," ಎಂದ ಮಾಮ.

"ಗಾಳಿ ಎಲ್ಲಿ ಉಂಟು ಮಗ? ಸ್ವಲ್ಪ ಬಿಟ್ಟು ಇನ್ನೊಂದು ಸಲ ನೋಡುವ."

ಅಜ್ಜಿ ಬೆಂಕಿಪೊಟ್ಟಣ ತರಲು ಒಳಗೆ ಹೋದರು. ಮಾಮ ನನ್ನತ್ತ ನಕ್ಕು ಹೊಂಡಕ್ಕಿಳಿದ. ಒಂದು ಚಿಪ್ಪು ಮುರಿದು ಮೇಲಕ್ಕೆ ಕೊಟ್ಟು "ತಿನ್ನು" ಎಂದ. ಆಮೇಲೆ ಸುಸ್ತಾದವರ ಹಾಗೆ ಗೊನೆಗಳ ಮೇಲೆಯೇ ಕುಳಿತ. ನಾನು ಕಿರುಚಿದೆ. ಓಡಿ ಬಂದ ಅಪ್ಪ ಹಾಗೆಯೇ ಇಳಿಯಲು ಹೊರಟರು. ಅಜ್ಜಿ ಅವರ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೆಳಗಿದ್ದದ್ದು ಹೆತ್ತ ಮಗ, ಆದರೂ ಅಳಿಯನನ್ನು ಬಿಡಲಿಲ್ಲ. ಉಸಿರು ಬಿಗಿಹಿಡಿದ ಅಪ್ಪನಿಗೆ ಹಗ್ಗ ಕಟ್ಟಿ ಇಳಿಸಿ ಮಾಮನನ್ನು ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ನನಗೆ ಇಂದಿಗೂ ಮಾಮನ ಮೇಲೆ ಸಿಟ್ಟು ಬರುತ್ತದೆ. ಸ್ವಲ್ಪ ಹೊತ್ತು ಕಾಯಲು ಅವನಿಗೇನಾಗಿತ್ತು? ಆ ವರ್ಷ ನಮ್ಮಲ್ಲಿ ಚೌತಿ ಇರಲಿಲ್ಲ. ಹೊಂಡಕ್ಕೆ ಮಣ್ಣು ತುಂಬಿಸಿದರು.

ಈಗ ನಾನು ಶಿರ್ತಾಡಿಯ ಕಡೆ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಪೇಟೆಯ ಬಾಳೆಹಣ್ಣಿಗೆ ಬಣ್ಣ ಉಂಟು, ಆ ಪರಿಮಳ ಇಲ್ಲ. ಅದನ್ನೇ ಗಾಜಿನ ಭರಣಿಯಲ್ಲಿ ಮುಚ್ಚಿಟ್ಟು, ಮರುದಿನ ಉರಿಯುವ ಮೇಣದಬತ್ತಿ ಇಳಿಸುತ್ತೇನೆ. ಆರುತ್ತದೆ.

"ಇಂಗಾಲದ ಡೈಆಕ್ಸೈಡ್, ಟೀಚರ್," ಎನ್ನುತ್ತಾರೆ ಮಕ್ಕಳು. ಉತ್ತರ ಸರಿ. ಪಾಠ ಅಲ್ಲಿಗೇ ಮುಗಿಸಬಹುದು. ನಾನು ಭರಣಿಯ ಬಾಯಿ ತೆರೆದಿಟ್ಟು ಮತ್ತೆ ಬೆಂಕಿಪೊಟ್ಟಣ ಎತ್ತಿಕೊಳ್ಳುತ್ತೇನೆ.

"ಮತ್ತೆ ಯಾಕೆ ಟೀಚರ್?"

"ಸ್ವಲ್ಪ ಬಿಟ್ಟು ಇನ್ನೊಂದು ಸಲ ನೋಡುವ," ಎನ್ನುತ್ತೇನೆ.