ಗಂಟಲು ಹೋಗುವ ಮುಂಚೆ

ಟೊಮೆಟೊ ಹರಾಜಿನ ನಡುವೆ ನನ್ನ ಸ್ವರ ಮೊದಲ ಸಲ ಕೈಕೊಟ್ಟಿತು. ಬೆಲೆ ಕೂಗುತ್ತಿದ್ದವನು ಕೋಳಿಯಂತೆ ಕಿರುಚಿದೆ. ವ್ಯಾಪಾರಿಗಳು ನಕ್ಕರು. ಶೀತ ಅಂದುಕೊಂಡೆ. ಮೂರು ತಿಂಗಳು ಮೆಣಸಿನ ಕಷಾಯ ಕುಡಿದೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಪಾಂಡವಪುರದ ತರಕಾರಿ ಮಂಡಿಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದ್ದೇನೆ, ಒಂದು ದಿನವೂ ಮೈಕು ಮುಟ್ಟಿಲ್ಲ. ನಾನು ಕೂಗಿದರೆ ರಸ್ತೆಯಲ್ಲಿ ಬಸ್ಸಿಗೆ ಕಾಯುವವರೂ ತಿರುಗಿ ನೋಡುತ್ತಿದ್ದರು. ಆ ಹೆಮ್ಮೆಯನ್ನು ಈಗಲೂ ಬಚ್ಚಿಡುವುದಿಲ್ಲ, ದುಡಿದು ಗಳಿಸಿದ್ದು.

ಮೈಸೂರಿನ ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಬಯಾಪ್ಸಿ ಮಾಡಿದರು. ವಾರ ಬಿಟ್ಟು ರಿಪೋರ್ಟು ಬಂತು.

ಕ್ಯಾನ್ಸರ್.

"ಬೀಡಿ ಎಷ್ಟು ಸೇದ್ತೀರಾ?"

"ದಿನಕ್ಕೊಂದು ಕಟ್ಟು."

"ವಾಯ್ಸ್ ಬಾಕ್ಸ್ ಪೂರ್ತಿ ತೆಗೀಬೇಕು. ಜೀವ ಉಳಿಸೋಕೆ ನೋಡ್ತೀವಿ. ಈ ಸ್ವರ ಉಳಿಯಲ್ಲ. ಹತ್ತು ದಿನದಲ್ಲಿ ಬಂದು ಅಡ್ಮಿಟ್ ಆಗಿ."

ಬಸ್ಸಿನಲ್ಲಿ ಹೆಂಡತಿ ಮಾದೇವಿ ಅಳುತ್ತಿದ್ದಳು. ನನ್ನನ್ನು ಬೇರೊಂದು ಕೊರೆಯುತ್ತಿತ್ತು. ಒಂಬತ್ತು ವರ್ಷದ ಹಿಂದೆ ನಾನು ಎಸೆದ ಬೀಡಿಯಿಂದ ಗೋಣಿಚೀಲದ ರಾಶಿಗೆ ಬೆಂಕಿ ಹತ್ತಿ, ಮಂಡಿಯ ಶೆಡ್ಡು ಸುಟ್ಟಿತ್ತು. ಎಸೆದವನು ಹಮಾಲಿ ನಿಂಗಯ್ಯ ಅಂದೆ. ಅವನು ಒಪ್ಪಲಿಲ್ಲ. ಪಕ್ಕದ ಮಾರಮ್ಮನ ಗುಡಿಯಲ್ಲಿ, ಎಲ್ಲರ ಎದುರು, ಉರಿಯುವ ಕರ್ಪೂರ ಆರಿಸಿ ಆಣೆ ಮಾಡಿದೆ. ನನ್ನ ಗಂಟಲನ್ನು ಜನ ನಂಬಿದರು. ನಿಂಗಯ್ಯ ಮಂಡಿ ಬಿಟ್ಟು ಅರಕೆರೆಯಲ್ಲಿ ಕಬ್ಬು ಕಡಿಯುವ ಕೂಲಿಗೆ ಹೋದ. ಅಂದಿನಿಂದ ನಾನು ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಹಬ್ಬದಲ್ಲೂ ಮಾದೇವಿಯನ್ನು ಒಳಗೆ ಕಳಿಸಿ, ಚಪ್ಪಲಿ ಕಾಯುವವನಂತೆ ಹೊರಗೆ ನಿಲ್ಲುತ್ತಿದ್ದೆ.

ಮಾರಮ್ಮ ಶಿಕ್ಷೆ ಕೊಟ್ಟಳು ಅಂತ ನಾನು ಹೇಳುವುದಿಲ್ಲ. ಬೀಡಿ ಸೇದಿದವನು ನಾನು. ಆದರೆ ಸುಳ್ಳು ಹೇಳಿದ ಸ್ವರ ಇನ್ನು ಹತ್ತೇ ದಿನ ನನ್ನದು. ಮೂಗನಾದ ಮೇಲೆ ಕೈ ಮುಗಿದರೆ ಜನ ಕನಿಕರಪಟ್ಟು ಸುಮ್ಮನಾಗುತ್ತಾರೆ. ನನಗೆ ಕನಿಕರ ಬೇಡವಾಗಿತ್ತು.

ಅರಕೆರೆಗೆ ಹೋದೆ. ನಿಂಗಯ್ಯ ಕಬ್ಬಿನ ಗದ್ದೆಯಲ್ಲಿದ್ದ.

"ನಾಳೆ ಮಂಡಿಗೆ ಬಾ ಕಣ್ಲಾ," ಅಂದೆ.

"ಯಾಕ್ಲಾ, ಇನ್ನೊಂದ್ಸಲ ಆಣೆ ಮಾಡ್ತೀಯಾ?"

"ಅಳೇ ಆಣೇನ ವಾಪ್ಸು ತಗೋತೀನಿ."

ಮರುದಿನ ಬೆಳಿಗ್ಗೆ ಅವನು ಬಂದಿದ್ದ. ಹರಾಜಿನ ಕಟ್ಟೆ ಹತ್ತಿ, ಗಂಟಲಲ್ಲಿ ಉಳಿದದ್ದನ್ನೆಲ್ಲ ಒಟ್ಟು ಮಾಡಿ ಕೂಗಿದೆ. "ಅವತ್ತು ಬೀಡಿ ಎಸ್ದಿದ್ದು ನಾನು. ನಿಂಗಯ್ಯ ಅಲ್ಲ. ನಾನ್ ಮಾಡಿದ್ದು ಸುಳ್ಳಾಣೆ. ತಪ್ಪಾಯ್ತು ನಿಂಗಯ್ಯ."

ಒಡಕು ಸ್ವರ. ಆದರೂ ಗೇಟಿನ ಹತ್ತಿರ ನಿಂತವರಿಗೂ ಕೇಳಿತು. ಮೂವತ್ತು ವರ್ಷದಲ್ಲಿ ಅಷ್ಟು ನೆಟ್ಟಗೆ ನಿಂತು ನಾನು ಯಾವ ಹರಾಜನ್ನೂ ಕೂಗಿರಲಿಲ್ಲ.

ನಿಂಗಯ್ಯ ಟವೆಲ್ಲು ಕೊಡವಿದ. "ಒಂಬತ್ತು ವರ್ಸದ್ದ ಒಂದ್ ಕೂಗ್ಗೆ ಬುಟ್ಬುಡು ಅಂದ್ರೆ ಎಂಗ್ಲಾ?" ಅಂದು ಹೊರಟುಹೋದ.

ಅವನು ಹೇಳಿದ್ದು ನ್ಯಾಯವೇ.

ಆಪರೇಷನ್ ಆಯಿತು. ಕುತ್ತಿಗೆಯಲ್ಲಿ ತೂತು, ಉಸಿರಾಟ ಇನ್ನು ಅಲ್ಲಿಂದಲೇ. ಮೂಗಿನ ಟ್ಯೂಬಿನಲ್ಲಿ ಗಂಜಿ. "ಇಷ್ಟ್ ವರ್ಸ ನೀವೇ ಮಾತಾಡಿದ್ರಿ, ಇನ್ಮೇಕೆ ನನ್ ಸರದಿ," ಅಂತ ಮಾದೇವಿ ನಗಿಸಲು ನೋಡಿ, ತಾನೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಐದನೇ ದಿನ ವಾರ್ಡಿಗೆ ನಿಂಗಯ್ಯ ಬಂದ. ಕೈಯಲ್ಲಿ ಎಳನೀರು. ನಾನು ಕುಡಿಯುವಂತಿಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ.

"ಸುದ್ದಿ ಅರಕೆರೆಗೂ ಬಂದದೆ. ನನ್ ಮಗ್ಳು ಕೇಳುದ್ಲು, ಅಪ್ಪಾ, ಬೆಂಕಿ ನಿನ್ನಿಂದ ಅಲ್ವಂತೆ ಅಂತ." ಎಳನೀರನ್ನು ಮಂಚದ ಪಕ್ಕ ಇಟ್ಟ. "ಅಷ್ಟ್ ಸಾಕು. ಬುಟ್ಟಿವ್ನಿ ಕಣ್ಲಾ. ಈಗ್ಲಾದ್ರೂ ಸುಮ್ಕೆ ಮನೀಕೋ."

ಒಬ್ಬರ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡದ್ದು ಅವತ್ತೇ ಮೊದಲು.

ರೇಡಿಯೇಷನ್ ಮುಗಿದಿದೆ. ಮುಂದಿನ ತಿಂಗಳು ಸ್ಕ್ಯಾನ್. ಅದರಲ್ಲಿ ಏನು ಬಂದರೂ ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಮಂಗಳವಾರ ಮಾರಮ್ಮನ ಗುಡಿಯ ಮೆಟ್ಟಿಲು ಹತ್ತಿದೆ. ನಿಂಗಯ್ಯ ಜೊತೆಗಿದ್ದ. ಪೂಜಾರಪ್ಪ ತಟ್ಟೆ ತೆಗೆದುಕೊಂಡು, "ಯಾರ ಎಸ್ರಿಗೆ ಅರ್ಚನೆ?" ಅಂದರು. ನನ್ನ ತುಟಿ ಆಡಿತು, ಅಷ್ಟೇ.

ನಿಂಗಯ್ಯ ನನ್ನ ಮುಂದಕ್ಕೆ ಬಂದು, ಇಡೀ ಗುಡಿಗೆ ಕೇಳುವಂತೆ ಹೇಳಿದ.

"ಪುಟ್ಟಸ್ವಾಮಿ. ನಮ್ಮ ಮಂಡಿ ಪುಟ್ಟಸ್ವಾಮಿ."