ಹೀಲರ್ ಇಲ್ಲದ ಎರಡನೇ ಆಟ

ಆಟದ ಎರಡನೇ ಭಾಗದಲ್ಲಿ ಹೀಲರ್‌ಗಳು ಇರುವುದಿಲ್ಲ ಎಂದು ಓದಿದ ಕೂಡಲೇ ನನಗನ್ನಿಸಿದ್ದು, ಇದರಲ್ಲಿ ಏನೋ ಮಸಲತ್ತಿದೆ ಎಂದು. ಕಂಪನಿಯವರು ಬಲು ಸಿಹಿಯಾಗಿ ಬರೆದಿದ್ದರು. ಇನ್ನು ಮುಂದೆ ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲವಂತೆ, ಪ್ರತಿಯೊಬ್ಬರೂ ತಮ್ಮ ಗಾಯವನ್ನು ತಾವೇ ವಾಸಿ ಮಾಡಿಕೊಳ್ಳಬಹುದಂತೆ. ಇಷ್ಟು ಸಿಹಿಯಾಗಿ ಮಾತಾಡುವವರನ್ನು ನಾನು ನಂಬುವವಳಲ್ಲ. ನಮ್ಮ ಶಿರಂಗಾಲಕ್ಕೆ ಶುಂಠಿ ಕೊಳ್ಳಲು ಬರುವ ದಲ್ಲಾಳಿಯೂ ಹೀಗೇ ಶುರುಮಾಡುತ್ತಾನೆ.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಫೋನಿನಲ್ಲಿ ಬೇರೆಬೇರೆ ಊರಿನವರು ಒಂದು ಗುಂಪಾಗಿ ಸೇರಿ ರಾಕ್ಷಸರ ಮೇಲೆ ಯುದ್ಧ ಮಾಡುವ ಆಟ ಅದು. ಶುರುವಿನಲ್ಲೇ ನಮ್ಮ ನಮ್ಮ ಕೆಲಸ ಆರಿಸಿಕೊಳ್ಳಬೇಕು; ಅದಕ್ಕೆ ಕ್ಲಾಸ್ ಎನ್ನುತ್ತಾರೆ. ನಾನು ಟ್ಯಾಂಕ್. ಅಂದರೆ ಗಡ್ಡದ ಸಿಪಾಯಿಯ ವೇಷ ಹಾಕಿ, ದೊಡ್ಡ ಗುರಾಣಿ ಹಿಡಿದು, ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುವುದು. ಹೀಲರ್ ಹಿಂದೆ ನಿಂತು ಏಟು ತಿಂದವರಿಗೆ ಜೀವ ತುಂಬುತ್ತಾಳೆ. ಅವಳ ಕೈಯಲ್ಲಿ ಕತ್ತಿಯಿಲ್ಲ. ನಾನಿಲ್ಲದಿದ್ದರೆ ಅವಳು ಉಳಿಯುವುದಿಲ್ಲ, ಅವಳಿಲ್ಲದಿದ್ದರೆ ನಾನೂ ಉಳಿಯುವುದಿಲ್ಲ. ಅವಳು ಜೀವ ತುಂಬಿದಾಗಲೆಲ್ಲ ನಮ್ಮ ಮೈ ಸುತ್ತ ಹಸಿರು ಬೆಳಕು ಬರುತ್ತದೆ, ಆ ಬೆಳಕಿನ ಮೇಲೆ ಅವಳು ಆಟದಲ್ಲಿಟ್ಟುಕೊಂಡ ಹೆಸರು ಕಾಣುತ್ತದೆ. ಹೊಸ ಆಟದಲ್ಲಿ ಇದೆಲ್ಲ ತಲೆಕೆಳಗು. ಟ್ಯಾಂಕಿನ ಗುರಾಣಿ ಕಿತ್ತುಕೊಂಡು ಎರಡು ಕೊಡಲಿ ಕೊಟ್ಟಿದ್ದರು. ಬೇಟೆಗಾರನ ಜೊತೆಗಿದ್ದ ನಾಯಿ ಮಾಯವಾಗಿತ್ತು. ಹೀಲರ್‌ಗಳಿಗೆ ಮಾತ್ರ ಏನೂ ಇಲ್ಲ, ಬೇರೆ ಯಾವುದಾದರೂ ಆಗಿ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದರು.

ಈ ಆಟ ನಮ್ಮ ಮನೆಗೆ ಬಂದಿದ್ದು ಕೊರೊನಾ ಕಾಲದಲ್ಲಿ, ಮಗಳ ಪಾಠಕ್ಕೆಂದು ಕೊಂಡ ಫೋನಿನ ಜೊತೆ. ಮಗಳು ಆಟ ಬಿಟ್ಟು ಕಾಲೇಜು ಸೇರಿದಳು, ನಾನು ಉಳಿದುಕೊಂಡೆ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲೆ ದನಗಳಿಗೆ ನೀರಿಡುವ ಹೊತ್ತಿನವರೆಗೆ ನಾನು ಸಿಪಾಯಿ. ನಮ್ಮದು ಪಾಲಾದ ಮನೆ. ಹಜಾರದ ನಡುವೆ ಗೋಡೆ ಎದ್ದಿದೆ, ಆದರೆ ಹೆಂಚಿನವರೆಗೆ ಮುಟ್ಟಿಲ್ಲ. ಆ ಕಡೆಯ ಒಗ್ಗರಣೆಯ ವಾಸನೆ ಈ ಕಡೆಗೆ, ಈ ಕಡೆಯ ಜಗಳ ಆ ಕಡೆಗೆ ಸಲೀಸಾಗಿ ದಾಟುತ್ತವೆ. ಆ ಕಡೆ ಇರುವುದು ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎರಡು ಮನೆಯ ಮಕ್ಕಳಿಗೆ ಆ ಗೋಡೆ ಯಾವತ್ತೂ ಲೆಕ್ಕಕ್ಕೇ ಇರಲಿಲ್ಲ.

ನಮ್ಮಿಬ್ಬರ ಮಾತು ನಿಂತಿದ್ದಕ್ಕೆ ಕಾರಣ ಇದೆ. ಮನೆ ಪಾಲಾದ ವರ್ಷವೇ ನನಗೆ ಡೆಂಗಿ ಬಂದು ಕುಶಾಲನಗರದ ಆಸ್ಪತ್ರೆಯಲ್ಲಿ ಮಲಗಿದ್ದೆ. ಊರಿಗೆ ಊರೇ ಬಂದು ನೋಡಿಕೊಂಡು ಹೋಯಿತು. ಇವಳು ಬರಲಿಲ್ಲ. ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕೂತವಳು, ಬದುಕಿದ್ದಾಳೋ ಸತ್ತಳೋ ಎಂದು ಕೇಳಲಿಲ್ಲ. ಅಲ್ಲಿಂದ ಮುಂದೆ ನಮ್ಮ ನಡುವೆ ಉಳಿದಿದ್ದು ಎರಡೂ ಮನೆಗೆ ಒಂದೇ ಆಗಿದ್ದ ನೀರಿನ ಮೋಟಾರಿನ ಮಾತು ಮಾತ್ರ. “ನೀರು ತುಂಬ್ತು, ಆಫ್ ಮಾಡು” ಎಂದು ಅವಳು, “ಮಾಡ್ದೆ” ಎಂದು ನಾನು.

ಆಟದಲ್ಲಿ ನನ್ನ ಹೀಲರ್ ಸಿಕ್ಕಿದ್ದು ಅವಳು ಕನ್ನಡದಲ್ಲಿ ಬರೆಯುತ್ತಿದ್ದಳು ಎಂಬ ಕಾರಣಕ್ಕೆ. ಅಮ್ಮತ್ತಿಯ ಹತ್ತಿರ ಎಸ್ಟೇಟಿನಲ್ಲಿದ್ದೇನೆ, ಗಂಡ ಅಲ್ಲಿ ಲೆಕ್ಕ ಬರೆಯುವ ರೈಟರು ಎಂದಿದ್ದಳು. ನಾನು ಪೊನ್ನಂಪೇಟೆಯಲ್ಲಿ ಆಫೀಸು ಕೆಲಸ ಎಂದಿದ್ದೆ. ಗುರುತಿಲ್ಲದವರ ಮುಂದೆ ನಿಜ ಹೇಳುವಷ್ಟು ಪೆದ್ದಿ ನಾನಲ್ಲ. ಬಹಳ ದಿನ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಅವಳು, “ನಾಲೆಗೆ ನೀರು ಬಿಟ್ಟವ್ರೆ, ಗದ್ದೆ ತಾವ ಹೋಗ್ಬೇಕು, ನಾಳೆ ಸಿಗನ” ಎಂದು ಬರೆದು ಹೊರಟಳು. ನಾನು ಫೋನನ್ನೇ ನೋಡುತ್ತಾ ಕುಳಿತೆ. ಅಮ್ಮತ್ತಿಯ ಕಾಫಿ ತೋಟದಲ್ಲಿ ಎಲ್ಲಿಯ ನಾಲೆ? ನಾಲೆ ಇರುವುದು ನಮ್ಮ ಕಡೆ. ಅವತ್ತು ನೀರು ಬಿಟ್ಟಿದ್ದೂ ನಮ್ಮ ನಾಲೆಗೇ.

ಅನುಮಾನ ಒಮ್ಮೆ ಹೊಕ್ಕರೆ ನನಗೆ ಊಟ ಸೇರುವುದಿಲ್ಲ. ಕರೆಂಟು ಹೋಗಿ ಊರಿನ ಟವರು ನಿಂತಾಗ ನಾನು ಆಟದಿಂದ ಬಿದ್ದರೆ ಅವಳೂ ಬೀಳುತ್ತಿದ್ದಳು, ಬಂದಾಗ ಇಬ್ಬರೂ ಒಟ್ಟಿಗೇ ಬರುತ್ತಿದ್ದೆವು. “ಕುಕ್ಕರ್ ಕೂಗ್ತು, ಒಂದ್ನಿಮ್ಸ” ಎಂದು ಅವಳು ಬರೆದರೆ, ಗೋಡೆಯಾಚೆಯ ಕುಕ್ಕರು ನನ್ನ ಕಿವಿಯಲ್ಲೇ ಕೂಗಿರುತ್ತಿತ್ತು. ಆದರೂ ಕುಕ್ಕರು ಯಾರ ಮನೆಯಲ್ಲಿ ಕೂಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಅವಳು ತನ್ನ ಮನೆಯ ಸುದ್ದಿ ತೆಗೆದಳು. “ನಮ್ ಓರಗಿತ್ತಿ ಪಾತ್ರೆ ತೊಳಿಯದ ಕೇಳ್ಬೇಕು ನೀವು. ಇಲ್ಲಿ ಯುದ್ಧನೇ ಬೇಡ, ಅಲ್ಲೇ ನಡೀತದೆ” ಎಂದು ಬರೆದು ನಗುವ ಗೊಂಬೆ ಹಾಕಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೊತ್ತಿಗೆ ಯಾವುದೋ ಭೂತ ನನ್ನನ್ನು ಹೊಡೆಯುತ್ತಿತ್ತು, ಅವಳು ಅದೇ ಕೈಯಲ್ಲಿ ನನಗೆ ಜೀವ ತುಂಬುತ್ತಿದ್ದಳು.

ಮಾರನೇ ದಿನ ಪರೀಕ್ಷೆ ಮಾಡಿಯೇ ಬಿಡೋಣವೆಂದು ಪಾತ್ರೆಗಳನ್ನು ಒಂದೊಂದಾಗಿ ಎತ್ತಿ, ಗೋಣಿಚೀಲದ ಮೇಲಿಟ್ಟು, ಮಲಗಿದ ಮಗುವಿಗೆ ಸ್ನಾನ ಮಾಡಿಸುವವಳ ಹಾಗೆ ತೊಳೆದೆ. ಒಂದು ಲೋಟವೂ ಸದ್ದು ಮಾಡಲಿಲ್ಲ. ಒಳಗೆ ಬಂದು ಆಟ ತೆರೆದೆ. ಸ್ವಲ್ಪ ಹೊತ್ತಿನಲ್ಲೇ ಹೀಲರ್ ಬರೆದಳು, “ಇವತ್ತು ಆ ಕಡೆ ಸದ್ದೇ ಇಲ್ಲ. ಮೈ ಹುಷಾರಿಲ್ವೋ ಏನೋ.”

ಸಿಕ್ಕಿಬಿದ್ದಳು ಎಂದು ಕುಣಿಯಬೇಕಿತ್ತು. ಆದರೆ ಆ ಕೊನೆಯ ಮಾತನ್ನು ಮತ್ತೆ ಮತ್ತೆ ಓದಿದೆ. ಇವಳಿಗೆ ಯಾಕೆ ನನ್ನ ಮೈಯ ಚಿಂತೆ? ಆಸ್ಪತ್ರೆಗೆ ಬಾರದವಳಿಗೆ? ಅಥವಾ ಗಡ್ಡದ ಸಿಪಾಯಿ ನಾನೇ ಎಂದು ಇವಳಿಗೆ ಆಗಲೇ ಗೊತ್ತಾಗಿ, ನನಗೆ ಕೇಳಿಸಲೆಂದೇ ಹೀಗೆಲ್ಲ ಬರೆಯುತ್ತಿದ್ದಾಳೋ? ಅಲ್ಲಿಂದ ಅವಳು ಬರೆದ ಒಂದೊಂದು ಮಾತನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ನೋಡಿದೆ. ಒಮ್ಮೆ ಬೇಕೆಂದೇ ಗುರಾಣಿ ಕೆಳಗಿಟ್ಟು ರಾಕ್ಷಸನ ಬಾಯಿಗೆ ಹೋಗಿ ನಿಂತೆ, ಸಾಯಲು ಬಿಡುತ್ತಾಳೋ ನೋಡೋಣವೆಂದು. ಅವಳು ಬಿಡಲಿಲ್ಲ. “ತಲೆ ಕೆಟ್ಟೈತಾ ನಿಮ್ಗೆ?” ಎಂದು ಬೈದು, ಇದ್ದಬದ್ದ ಶಕ್ತಿಯನ್ನೆಲ್ಲ ನನ್ನ ಮೇಲೆ ಸುರಿದು ತಾನು ಸತ್ತಳು. ಅದನ್ನೂ ನಾನು ಪೂರ್ತಿ ನಂಬಲಿಲ್ಲ, ನಾಟಕ ಇದ್ದರೂ ಇರಬಹುದು ಎಂದುಕೊಂಡೆ.

ಇಂಥ ಹೊತ್ತಿನಲ್ಲಿ ಬಂದಿದ್ದು ಎರಡನೇ ಆಟದ ಸುದ್ದಿ. ಹಳೆಯದನ್ನು ಮುಚ್ಚುತ್ತಾರೆ, ಎಲ್ಲರೂ ಹೊಸದಕ್ಕೆ ಹೋಗಬೇಕು. ಅವತ್ತು ಮಧ್ಯಾಹ್ನ ಆಟದೊಳಗಿನ ಹೊಳೆಯ ದಡದಲ್ಲಿ ನಾವಿಬ್ಬರೇ ಇದ್ದೆವು. ಹೊಸದರಲ್ಲಿ ನೀವು ಏನಾಗುತ್ತೀರಿ ಎಂದು ಕೇಳಿದೆ.

“ನಾನು ಬರಲ್ಲ” ಎಂದು ಬರೆದಳು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವಳು ಬರದಿದ್ದರೆ ಇಷ್ಟು ದಿನ ನಡೆದಿದ್ದೆಲ್ಲ ಅಲ್ಲಿಗೇ ಮುಗಿಯಿತು. ಮತ್ತೆ ಗೋಡೆ, ಮತ್ತೆ ಮೋಟಾರಿನ ಮಾತು, ಅಷ್ಟೇ. ಅವಳ ಮೇಲಿನ ಸಿಟ್ಟು ಒಂದು ಚೂರೂ ಕಡಿಮೆಯಾಗಿರಲಿಲ್ಲ, ಆದರೂ ಅವಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಬಿಲ್ಲುಗಾರ್ತಿಯಾಗಿ, ಮಂತ್ರವಾದಿಯಾಗಿ, ಏನಾದರೂ ಒಂದಾಗಿ, ಹೀಲರ್ ಕೆಲಸದಲ್ಲಿ ಅಂಥದ್ದೇನಿದೆ ಎಂದು ಬರೆದೆ.

ಅವಳ ಉತ್ತರ ಉದ್ದವಾಗಿಯೇ ಬಂತು. “ನಮ್ಮನೇಲಿ ಒಬ್ಳಿಗೆ ಡೆಂಗಿ ಬಂದಿತ್ತು. ದಿನಾ ಪಪ್ಪಾಯಿ ಎಲೆ ಅರ್ದು ರಸ ತಕ್ಕೊಂಡು ಆಸ್ಪತ್ರೆಗಂಟ ಹೋಗಿ ಗೇಟಲ್ಲಿ ಕೊಟ್ಬರ್ತಿದ್ದೆ. ಯಾರು ತಂದಿದ್ದು ಅಂತ ಅವ್ಳಿಗೆ ಇವತ್ಗೂ ಗೊತ್ತಿಲ್ಲ. ಈ ಆಟ್ದಲ್ಲಾದ್ರೆ ಬೆಳಕಿನ ಮೇಲೆ ಹೆಸ್ರು ಬತ್ತದೆ. ಅದ್ಕೇ ಹೀಲರ್ ಆಗಿದ್ದೆ. ಅವ್ರವ್ರ ಔಷಧಿ ಅವ್ರೇ ಕುಡ್ಕೊಳ್ಳೋ ಆಟ ನಂಗೆ ಬೇಡ.”

ಪಪ್ಪಾಯಿ ಎಲೆಯ ರಸ ನನಗೆ ನೆನಪಿತ್ತು. ಆ ಕಹಿ ಯಾರಿಗೆ ಮರೆಯುತ್ತದೆ? ಬೆಳಿಗ್ಗೆ ಬೆಳಿಗ್ಗೆ ಗಂಡ ಸ್ಟೀಲಿನ ಲೋಟದಲ್ಲಿ ಬಗ್ಗಿಸಿ ಕೊಡುತ್ತಿದ್ದ. ಪ್ಲೇಟ್‌ಲೆಟ್ ಏರಿದ್ದು ಅದರಿಂದಲೋ ಡ್ರಿಪ್ಪಿನಿಂದಲೋ ನಾನರಿಯೆ. ಆದರೆ ಅಂಥ ಗಂಡ ಯಾರಿಗುಂಟು ಎಂದು ತವರಿನಲ್ಲೆಲ್ಲ ಹೊಗಳಿಕೊಂಡು ತಿರುಗಿದ್ದೆ. ಸಿಪಾಯಿಯನ್ನು ಹೊಳೆಯ ದಡದಲ್ಲೇ ನಿಲ್ಲಿಸಿ, ಫೋನನ್ನು ಮಂಚದ ಮೇಲೆ ಬಿಟ್ಟು, ಜಗಲಿಯಲ್ಲಿ ಮಲಗಿದ್ದ ಗಂಡನನ್ನು ಎಬ್ಬಿಸಿದೆ.

“ಆಸ್ಪತ್ರೇಲಿ ನಂಗೆ ಕುಡಿಸ್ತಿದ್ರಲ್ಲ ಪಪ್ಪಾಯಿ ರಸ, ಅರೀತಿದ್ದೋರು ಯಾರು?”

ಅವನು ಕಣ್ಣುಜ್ಜಿಕೊಂಡ. “ಈಗ್ಯಾಕೆ ಅದು?”

“ಯಾರು ಅಂತ ಕೇಳ್ದೆ.”

“ಅತ್ಗೆ. ಬಸ್ಸಲ್ಲಿ ತತ್ತಿದ್ರು.”

“ಮತ್ಯಾಕೆ ಬಾಯಿ ಬಿಡ್ಲಿಲ್ಲ?”

“ಅವ್ರೇ ಬ್ಯಾಡ ಅಂದ್ರು. ನಾನು ಕೊಟ್ಟೆ ಅಂತ ಗೊತ್ತಾದ್ರೆ ಅವ್ಳು ಕುಡಿಯಕಿಲ್ಲ, ಏನ್ ಬೆರ್ಸವ್ಳೋ ಅಂತಾಳೆ ಅಂದ್ರು.” ಆಮೇಲೆ ನನ್ನ ಮುಖ ನೋಡದೆ, “ಸುಳ್ಳೇನೂ ಅಲ್ವಲ್ಲ. ಕುಡೀತಿದ್ಯಾ ನೀನು?” ಎಂದ.

ಮನೆ ಪಾಲಾದ ಆ ದಿನಗಳಲ್ಲಿ ಅವಳು ಕೊಟ್ಟಿದ್ದನ್ನು ನಾನು ಮೂಸಿಯೂ ನೋಡುತ್ತಿರಲಿಲ್ಲ, ಎಂಥ ಜ್ವರವಿದ್ದರೂ. ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಗಂಡನ ಮುಂದೆ ಅಳಬಾರದೆಂದು ಕೊಟ್ಟಿಗೆಯ ಕಡೆಯಿಂದ ಸುತ್ತಿಕೊಂಡು ಅವಳ ಅಡಿಗೆಮನೆಯ ಬಾಗಿಲಿಗೆ ಹೋದೆ. ಮನೆ ಪಾಲಾದ ಮೇಲೆ ಆ ಬಾಗಿಲಿಗೆ ನಾನು ಹೋಗಿರಲಿಲ್ಲ.

ಅವಳು ಗೋಡೆಗೊರಗಿ ಮಣೆಯ ಮೇಲೆ ಕೂತಿದ್ದಳು, ಕೈಯಲ್ಲಿ ಫೋನು. ನನ್ನ ನೆರಳು ಬಿದ್ದರೂ ತಲೆ ಎತ್ತಲಿಲ್ಲ. ಫೋನಿನಲ್ಲಿ ನನ್ನ ಸಿಪಾಯಿಯ ಬೆನ್ನು ಕಾಣುತ್ತಿತ್ತು. ಅವನ ಬೆನ್ನನ್ನು ಹಿಂದೆ ನಿಂತವರ ಕಣ್ಣಿನಿಂದ ನಾನು ಯಾವತ್ತೂ ನೋಡಿರಲಿಲ್ಲ. ಹೊಳೆಯ ದಡದಲ್ಲಿ, ಬಿಟ್ಟಲ್ಲೇ ನಿಂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೂ ಅವಳ ಹೆಬ್ಬೆರಳು ಆಗಾಗ ಒತ್ತುತ್ತಿತ್ತು, ಆಗಾಗ ಅವನ ಸುತ್ತ ಹಸಿರು ಬೆಳಕು ಬರುತ್ತಿತ್ತು.

“ಎಲ್ಲೋಗಿದ್ದೆ ಇಷ್ಟೊತ್ತು?” ಎಂದಳು. “ಆಗ್ಲಿಂದ ಒಬ್ನೇ ನಿಂತವ್ನೆ.”

ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಸಿಪಾಯಿ ನಾನೇ ಎಂದು ಇವಳಿಗೆ ಆಗಲೇ ಗೊತ್ತಿತ್ತು. ಅವಳು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, ಹೊಸ ಆಟದ ಕ್ಲಾಸುಗಳಿದ್ದ ಪುಟ ತೆರೆದು ಫೋನನ್ನು ನನ್ನ ಕೈಗಿಟ್ಟಳು.

“ಇದ್ರಲ್ಲಿ ನಾನು ಏನಾಗ್ಲಿ ಅಂತ ನೀನೇ ನೋಡಿ ಹೇಳು” ಎಂದಳು.