ಗ್ಯಾರೇಜಿನಲ್ಲಿ ವೇರಾಳ ವೃತ್ತಗಳು

ಅಮೆರಿಕಕ್ಕೆ ಬಂದ ಹೊಸತರಲ್ಲಿ ಹಿತ್ತಲ ಬೇಲಿಯ ಮೇಲೆ ಸೀರೆ ಒಣಹಾಕಿದ್ದೆ. ಪಕ್ಕದ ಮನೆಯಾಕೆ ನಗುತ್ತಲೇ ಬಂದು, ಇಲ್ಲಿ ಬಟ್ಟೆ ಹೊರಗೆ ಕಾಣುವಂತಿಲ್ಲ, ಬಡಾವಣೆಯ ನಿಯಮ ಎಂದಳು. ಧಾರವಾಡದಲ್ಲಿ ವರ್ಷಗಟ್ಟಲೆ ಕಾಲೇಜು ಹುಡುಗಿಯರಿಗೆ ಬಟ್ಟೆಯ ಮೇಲೆ ಅಚ್ಚು ಹಾಕುವುದನ್ನು ಕಲಿಸಿದವಳು ನಾನು. ಅಲ್ಲಿ ಬೀದಿ ತುಂಬ ಸೀರೆಗಳು ಹಾರಾಡುತ್ತಿದ್ದವು. ಹೂಸ್ಟನ್ ಪಕ್ಕದ ಈ ಶುಗರ್ ಲ್ಯಾಂಡ್‌ನಲ್ಲಿ ಇಷ್ಟು ಬಿಸಿಲಿದ್ದೂ ಬಟ್ಟೆಗಳು ಯಂತ್ರದ ಕತ್ತಲಲ್ಲಿ ಒಣಗುತ್ತವೆ.

ಗಂಡ ಆಯಿಲ್ ಕಂಪನಿಗೆ, ಮಗಳು ಇರಾ ಹೈಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಏಸಿಯ ಸದ್ದೊಂದೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಡ್ರೈವಿಂಗ್ ಬಾರದು. ಎಷ್ಟೋ ದಿನ ಸಂಜೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಇರಾಳ ಜೊತೆ ಹೂಸ್ಟನ್‌ನ ಮ್ಯೂಸಿಯಂ ಒಂದರಲ್ಲಿ ವೇರಾ ಎಂಬ ರಷ್ಯನ್ ಕಲಾವಿದೆಯ ಬಟ್ಟೆಗಳನ್ನು ನೋಡಿದೆ. ಕ್ರಾಂತಿಯ ಕಾಲದವಳು. ಚಿತ್ರ ಗೋಡೆಯ ಮೇಲಿದ್ದರೆ ಸಾಲದು, ದುಡಿಯುವ ಹೆಂಗಸಿನ ಮೈಮೇಲೆ ಬರಬೇಕು ಎಂದು ಬಟ್ಟೆ ಗಿರಣಿ ಸೇರಿದಳು. ಹೂವಿಲ್ಲ, ಬಳ್ಳಿಯಿಲ್ಲ, ಬರೀ ವೃತ್ತ, ತ್ರಿಕೋನ, ಓಡುವ ಗೆರೆ. ಕೆಲವೇ ವರ್ಷಗಳಲ್ಲಿ ಸರ್ಕಾರಕ್ಕೆ ಅದು ಬೇಡವಾಯಿತು. ಟ್ರ್ಯಾಕ್ಟರ್ ಬಿಡಿಸು ಎಂದರು. ಒಪ್ಪದೆ ಪ್ಯಾರಿಸ್‌ಗೆ ಹೋದವಳು ಬಾಡಿಗೆ ಕೋಣೆಯಲ್ಲಿ ಬೇರೆಯವರ ಉಡುಪು ಹೊಲಿಯುತ್ತ ಮುದುಕಿಯಾದಳು. ಅವಳು ತೀರಿಕೊಂಡ ಮೇಲೆ ಅವಳ ಗೆರೆಗಳು ಊರೂರಿನ ಅಂಗಡಿಗೆ ಬಂದವು. ಧಾರವಾಡದಲ್ಲಿ ನಾನು ಕಲಿಸುತ್ತಿದ್ದ ಒಂದು ಓರೆಪಟ್ಟೆಯೂ ಅವಳದೇ ಎಂದು ಗೊತ್ತಾದಾಗ ಗಾಜಿನ ಮುಂದೆ ಅಳು ಬಂತು.

"ಅಮ್ಮಾ, ಪೀಪಲ್ ಆರ್ ಲುಕಿಂಗ್," ಎಂದಳು ಇರಾ.

ಮರುದಿನವೇ ಆಲೂಗಡ್ಡೆ ಕೊಯ್ದು ಅಚ್ಚು ಮಾಡಿದೆ. ಟೆಕ್ಸಸ್ ಹತ್ತಿಯ ಬಿಳಿ ಬಟ್ಟೆಗೆ ಇಳಕಲ್ ಸೀರೆಯ ಕೆಂಪಿನಲ್ಲಿ ವೇರಾಳ ವೃತ್ತಗಳನ್ನು ಒತ್ತಿದೆ. ಆ ಶಾಲು ಹೊದ್ದು ಕನ್ನಡದವರ ಪಾಟ್‌ಲಕ್‌ಗೆ ಹೋದೆ. ಪ್ರತಿ ಮನೆಯವರೂ ಒಂದೊಂದು ಅಡುಗೆ ತರುವ ಊಟ ಅದು. ಹುಬ್ಬಳ್ಳಿಯ ಶಾಂತಾ ಆಂಟಿ ಅಂಚು ಹಿಡಿದು ನೋಡಿದರು.

"ಇದೇನ್ರೀ, ಬರೇ ಗುಂಡು, ಗೆರಿ? ಒಂದು ನವಿಲಾದ್ರೂ ಬಿಡಸಬಾರದೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಶಾಲನ್ನು ಗ್ಯಾರೇಜಿನ ಡಬ್ಬಕ್ಕೆ ತುರುಕಿದೆ.

ಅದನ್ನು ಹೊರತೆಗೆದವಳು ಇರಾ. ನನ್ನನ್ನು ಕೇಳದೆಯೇ ಕತ್ತರಿಸಿ ಜಾಕೆಟ್ ಹೊಲಿದುಕೊಂಡಿದ್ದಳು. ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಮಾಡುವಾಕೆ ಅದನ್ನು ಕಂಡು, "ವಾಟ್ ಎ ಲವ್ಲಿ ಇಂಡಿಯನ್ ಪ್ರಿಂಟ್!" ಎಂದಳು.

"ಮೈ ಮಾಮ್ ಮೇಡ್ ಇಟ್," ಎಂದ ಇರಾ ನನ್ನತ್ತ ತಿರುಗಿ, ಎಷ್ಟೋ ಕಾಲದ ಮೇಲೆ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ಇನ್ನೊಂದು ಮಾಡಿಕೊಡ್ತಿಯೇನು?"

ಈಗ ಶನಿವಾರಗಳಂದು ಅವಳ ಗೆಳತಿಯರು ಅಚ್ಚು ಹಾಕಲು ನಮ್ಮ ಗ್ಯಾರೇಜಿಗೆ ಬರುತ್ತಾರೆ. ಉಳಿದ ದಿನಗಳು ಮೊದಲಿನಷ್ಟೇ ಮೌನ. ಈಚೆಗೆ ಆ ವೃತ್ತಗಳ ಬಟ್ಟೆಯ ಒಂದು ತುಂಡನ್ನು ಧಾರವಾಡಕ್ಕೆ, ನನ್ನ ಜೊತೆ ಕಲಿಸುತ್ತಿದ್ದ ಸಾವಿತ್ರಿಗೆ ಕಳಿಸಿದ್ದೆ. ಅವಳು ಕಾಲೇಜಿನಿಂದಲೇ ಫೋನ್ ಮಾಡಿದಳು.

"ಭಾಳ ಛಂದ ಆಗೇತಿ. ಕ್ಲಾಸಿನ ಗ್ವಾಡಿಗೆ ಹಾಕೇನಿ. ಹುಡುಗ್ಯಾರು ಕೇಳ್ತಾರ, ಈ ಅಮೆರಿಕದಾಕಿ ಯಾರ್ರೀ ಮೇಡಂ ಅಂತ."

"ನೀ ಏನಂದಿ?"

"ಏನನ್ನಲಿ? ನೀನ ಹೇಳು," ಎಂದು ನಕ್ಕಳು.

ಅಲ್ಲಿ ಸಂಜೆಯ ಕೊನೆಯ ಗಂಟೆ ಹೊಡೆಯಿತು. ಹುಡುಗಿಯರು ಗಲಗಲ ಎನ್ನುತ್ತ ಹೊರಬೀಳುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಇಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಆ ಸದ್ದು ನಿಲ್ಲುವವರೆಗೂ ಫೋನ್ ಇಡಬೇಡ ಎಂದೆ.